ಹಳೆ ಕಂಬಳಿಯ ಬೆಲೆ: ತಿಳಿಯದೆ ಕೊಟ್ಟದ್ದು ಕೊಟ್ಟದ್ದೇ?



ಇಂದಿನ ಚಿಂತನೆ ಎರಡನೇ ಶೀಲದ ಬಗ್ಗೆ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಾವು ಪ್ರತಿ ವಾರ ಕೂಡಿ ಹೇಳುತ್ತೇವೆ. ಹೇಳಿ ಹೇಳಿ ಅದು ಬಾಯಿಗೆ ರೂಢಿಯಾಗಿದೆ. ಮೊನ್ನೆ ಪಾಲ್ಕಿಗುಂಡಿನ ಅಶೋಕನ ಶಾಸನ ನೋಡಿಕೊಂಡು ಗುಡ್ಡ ಇಳಿಯುವಾಗ ಗಂಗಾವತಿಯ ಗೆಳೆಯರೊಬ್ಬರು ಕೇಳಿದರು: "ಸರ, ಕೊಡೋರಿಗೆ ತಾವು ಏನು ಕೊಡಾಕತ್ತೀವಿ ಅನ್ನೋದ ಗೊತ್ತಿಲ್ಲಂದ್ರ, ಅದು ಕೊಟ್ಟಂಗ ಆಕ್ಕೈತೇನ್ರಿ?" ಅವರು ಯಾವುದೋ ಭತ್ತದ ಗದ್ದೆಯ ವ್ಯವಹಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದರು. ಗದ್ದೆಯ ವಿಷಯ ನನಗೆ ತಿಳಿಯದು. ನನಗೆ ತಿಳಿದಿರುವುದು ಕಂಬಳಿ. ಆದ್ದರಿಂದ ಕಂಬಳಿಯ ದಾರಿಯಲ್ಲೇ ಉತ್ತರ ಹುಡುಕುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೆಳಗಿನ ಚಹಾ ಮುಗಿಸಿಕೊಂಡು ಓದಿ.

ಕಂಬಳಿ ನೇಕಾರರ ಸಹಕಾರ ಸಂಘವೊಂದರಲ್ಲಿ ನಾನು ಬಹಳ ವರ್ಷ ಗುಮಾಸ್ತನಾಗಿದ್ದೆ. ನೇಯ್ದು ತಂದದ್ದನ್ನು ತೂಗುವುದು, ಅಳೆಯುವುದು, ಒಂದನೇ ನಂಬರು ಎರಡನೇ ನಂಬರು ಎಂದು ಬೇರೆ ಮಾಡುವುದು, ಅದಕ್ಕೆ ತಕ್ಕಂತೆ ಹಣ ಬರೆಯುವುದು ನನ್ನ ಕೆಲಸ. ಈಗ ಹೊಸ ಕಂಬಳಿ ಕೇಳುವವರು ಕಡಿಮೆ. ಹಳೆಯದನ್ನು ಹುಡುಕಿಕೊಂಡು ಬರುವವರು ಮಾತ್ರ ಹೆಚ್ಚಾಗಿದ್ದಾರೆ. ದೊಡ್ಡ ಊರುಗಳ ಮನೆಗಳಲ್ಲಿ ಗೋಡೆಗೆ ತೂಗುಹಾಕುತ್ತಾರಂತೆ. ಹಾಗಾಗಿ ಕೆಲಸ ಬಿಟ್ಟ ಮೇಲೂ "ಇದಕ್ಕೆ ಎಷ್ಟಾದೀತು, ನೋಡಿ ಹೇಳ್ರಿ" ಎಂದು ಕರೆಯುವವರು ಇದ್ದೇ ಇದ್ದಾರೆ.

ಹೋದ ಚಳಿಗಾಲದಲ್ಲಿ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಿಂದ ಅಂಥ ಕರೆ ಬಂತು. ಎಪ್ಪತ್ತು ದಾಟಿದ ಹೆಣ್ಣುಮಗಳು. ಮೊಮ್ಮಗಳು ನರ್ಸಿಂಗ್ ಓದುತ್ತಾಳೆ, ಫೀಯ ಎರಡನೇ ಕಂತು ಕಟ್ಟಬೇಕಿತ್ತು. ಹಳೆ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಬಂದು, ಮನೆಯಲ್ಲಿದ್ದ ಕರಿ ಕಂಬಳಿಗೆ ಎಂಟುನೂರು ರೂಪಾಯಿ ಹೇಳಿ, ನೂರು ಮುಂಗಡ ಕೈಗಿಟ್ಟು ಹೋಗಿದ್ದ. ನಾನು ಹೋಗಿ ಕೂತ ಕೂಡಲೇ ಆಕೆ ಕಂಬಳಿ ತೋರಿಸಲಿಲ್ಲ. ಮೊದಲು ಒಂದು ಮಾತು ಕೇಳಿದಳು: "ತಮ್ಮಾ, ನಿನಗೇನೂ ಬೇಕಾಗಿಲ್ಲಲ್ಲ ಇದು?" "ಬ್ಯಾಡ ಯಕ್ಕಾ" ಎಂದೆ. "ಹಂಗಾರ ನೋಡು. ಖರೆ ಹೇಳು" ಎಂದು ಪೆಟ್ಟಿಗೆ ತೆರೆದಳು. ಬೇವಿನ ಎಲೆಯ ವಾಸನೆ ಬಂತು.

ಕಂಬಳಿ ನೋಡುವುದೆಂದರೆ ಮೊದಲು ಕೈ, ಆಮೇಲೆ ಮೂಗು, ಕೊನೆಗೆ ಕಣ್ಣು. ಬಹಳ ಮಂದಿ ಕಣ್ಣಿನಿಂದ ಶುರು ಮಾಡಿ ಮೋಸ ಹೋಗುತ್ತಾರೆ.

ಒಂದು ಎಳೆಯನ್ನು ಬೆರಳ ನಡುವೆ ಹಿಡಿದು ಜಾರಿಸಬೇಕು. ರಾಟಿಯ ಮೇಲೆ ಕೈಯಿಂದ ನೂತ ನೂಲು ಒಂದೇ ಸಮ ಇರುವುದಿಲ್ಲ: ಇಲ್ಲಿ ದಪ್ಪ, ಅಲ್ಲಿ ಸಣ್ಣ, ಮತ್ತೆ ದಪ್ಪ. ಗಿರಣಿಯ ನೂಲು ಗೆರೆ ಎಳೆದಂತೆ ಹೋಗುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಮಾತ್ರ ಮೃದು, ಅದೊಂದರಲ್ಲೇ ನೇಯ್ದ ಕಂಬಳಿ ಅಪರೂಪ. ನೇಯುವ ಮೊದಲು ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ, ಹಾಗಾಗಿ ಕುಣಿಮಗ್ಗದಿಂದ ಇಳಿದ ಹೊಸ ಕಂಬಳಿ ಹಲಗೆಯ ಹಾಗೆ ಬಿರುಸು. ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಮೈಗೆ ತಿಕ್ಕಿ ತಿಕ್ಕಿ ಆ ಗಂಜಿ ಹೋಗುತ್ತದೆ. ಉಣ್ಣೆಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಕಂಬಳಿಯ ಮೈ ಕೂಡುತ್ತದೆ. ಆಮೇಲೆ ಅದನ್ನು ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಂತರೆ ನೀರು ಒಳಗೆ ಇಳಿಯದೆ ಮೇಲೇ ಹರಿದುಹೋಗುತ್ತದೆ. ಕೂಡಿದ ಈ ಮೈಯನ್ನು ಯಾವ ನೇಕಾರನೂ ಕೊಡಲಾರ. ಹೊದ್ದವರೇ ಕೊಡಬೇಕು.

ಅಂಚಿನಿಂದ ತಾನಾಗಿ ಬಿಚ್ಚಿದ ಎಳೆಯೊಂದನ್ನು ಸುಟ್ಟು ಮೂಸಿದರೆ ಉಣ್ಣೆಯಾದಲ್ಲಿ ಕೂದಲು ಸುಟ್ಟ ವಾಸನೆ, ಬೂದಿ ಬೆರಳಿಗೆ ಪುಡಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇನ್ನು ಕಣ್ಣು. ಹುಟ್ಟು ಕಪ್ಪಿನ ಉಣ್ಣೆ ಬಿಸಿಲಿಗೆ ಕಂದು ತಿರುಗುತ್ತದೆ, ಆದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಬಿಡುವುದಿಲ್ಲ. ಹಾಕಿದ ಕಪ್ಪು ಬಟ್ಟೆಗೆ ಹತ್ತಬಹುದು. ತೂತುಗಳಲ್ಲೂ ಜಾತಿ ಇವೆ. ಹುಳ ತಿಂದ ತೂತಿನ ಅಂಚು ಮೆತ್ತಗೆ, ಬೆಂಕಿಯ ಕಿಡಿ ಬಿದ್ದ ತೂತಿನ ಅಂಚು ಗಡುಸು. ಕಿಡಿಯ ತೂತು ಇದ್ದರೆ ಆ ಕಂಬಳಿ ಹೊಲದಲ್ಲಿ, ಕುರಿಹಟ್ಟಿಯ ಬೆಂಕಿಯ ಪಕ್ಕದಲ್ಲಿ ರಾತ್ರಿ ಕಳೆದಿದೆ ಎಂದು ಅರ್ಥ. ಪೆಟ್ಟಿಗೆಯಲ್ಲಿ ಇಟ್ಟ ಮದುವೆಯ ಕಂಬಳಿಗೆ ಆ ತೂತು ಇರುವುದಿಲ್ಲ.

ಯಲಬುರ್ಗಾದ ಆ ಕಂಬಳಿ ಎಲ್ಲ ಪರೀಕ್ಷೆಗೂ ನಿಂತಿತು. ಮರಿ ಉಣ್ಣೆ, ಬಿಗಿಯಾದ ನೇಯ್ಗೆ, ಎರಡು ಕಿಡಿಯ ತೂತು, ಹುಳದ ತೂತು ಒಂದೂ ಇಲ್ಲ. ಒಂದು ಮೂಲೆಯಲ್ಲಿ ಅಂಗೈಗಿಂತ ದೊಡ್ಡ ತೇಪೆ ಇತ್ತು. ತೇಪೆಯ ಉಣ್ಣೆ ಕಂಬಳಿಗಿಂತಲೂ ಹಳೆಯದು. ಅತ್ತೆಯ ಅತ್ತೆ ಹೊದ್ದ ಕಂಬಳಿಯಿಂದ ಕತ್ತರಿಸಿ ಹಚ್ಚಿದ್ದಂತೆ. ವ್ಯಾಪಾರಿ ಆ ತೇಪೆಯನ್ನೇ ಎತ್ತಿ ತೋರಿಸಿ ಬೆಲೆ ಇಳಿಸಿದ್ದ.

ಆ ತೇಪೆ ನೋಡಿದಾಗ ನನಗೆ ವಿನಯ ಪಿಟಕದ ಒಂದು ನಿಯಮ ನೆನಪಾಯಿತು. ಭಗವಾನರು ಸಾವತ್ಥಿಯಲ್ಲಿ ಮೂರು ತಿಂಗಳು ಏಕಾಂತದಲ್ಲಿದ್ದಾಗ, ಕಠಿಣ ವ್ರತ ಹಿಡಿದವರಿಗೆ ಮಾತ್ರ ದರ್ಶನ ಸಿಗುತ್ತದೆಂದು ತಿಳಿದ ಭಿಕ್ಷುಗಳು ತಮ್ಮ ಉಣ್ಣೆಯ ಹಾಸುಗಳನ್ನು ಎಸೆದು ಚಿಂದಿಬಟ್ಟೆಯ ವ್ರತ ಹಿಡಿದರು. ಏಕಾಂತ ಮುಗಿಸಿ ಹೊರಬಂದ ಭಗವಾನರು ಅಲ್ಲಲ್ಲಿ ಬಿದ್ದಿದ್ದ ಹಾಸುಗಳನ್ನು ಕಂಡು, ಇವು ಯಾರವು ಎಂದು ವಿಚಾರಿಸಿದರು. ಆಮೇಲೆ ಬಂದ ನಿಯಮ: ಹೊಸ ಕೂರುವ ಹಾಸು ಮಾಡಿಸುವಾಗ ಹಳೆಯದರಿಂದ ಒಂದು ಸುಗತ ಗೇಣಿನಷ್ಟು ತೆಗೆದು ಹೊಸದಕ್ಕೆ ಸೇರಿಸಬೇಕು, ಹೊಸದರ ಅಂದ ಕೆಡಬೇಕು. ಇನ್ನೊಂದು ನಿಯಮದಂತೆ, ಮಾಡಿಸಿದ ಹಾಸನ್ನು ಆರು ವರ್ಷವಾದರೂ ಬಳಸಬೇಕು. ವ್ಯಾಪಾರಿ ಬೆಲೆ ಇಳಿಸಲು ಹಿಡಿದ ತೇಪೆ ಅಲ್ಲಿ ಕಡ್ಡಾಯ! ಅದೇ ಗುಂಪಿನ ಬೇರೊಂದು ನಿಯಮ ಬರೀ ಕರಿ ಉಣ್ಣೆಯ ಹಾಸನ್ನು ನಿಷೇಧಿಸುತ್ತದೆ, ಏಕೆಂದರೆ ಅದು ಸುಖಪುರುಷರ ಶೋಕಿಯಂತೆ ಕಾಣುತ್ತದೆಂದು ಜನ ಆಡಿಕೊಂಡರು. ನಮ್ಮಲ್ಲಿ ಕರಿ ಕಂಬಳಿ ಕುರಿ ಕಾಯುವವನ ದಿನದ ಬಟ್ಟೆ. ಯಾವುದು ಶೋಕಿ, ಯಾವುದು ಬಡತನ ಎಂಬುದು ಬಣ್ಣದೊಳಗೆ ಬರೆದಿರುವುದಿಲ್ಲ.

ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿ ಬಟ್ಟೆಯನ್ನು ತೂಗುವ ಮೂರು ಮಾತು ಸಿಗುತ್ತವೆ: ಬಣ್ಣ, ಸ್ಪರ್ಶ, ಬೆಲೆ. ಒರಟು ನಾರಿನ ಬಟ್ಟೆ ಹೊಸದಿದ್ದಾಗಲೂ ಹಳೆಯದಾದಾಗಲೂ ಮೂರರಲ್ಲೂ ಕೀಳು, ಹಳತಾದರೆ ಮಡಕೆ ಒರೆಸುತ್ತಾರೆ ಇಲ್ಲವೇ ತಿಪ್ಪೆಗೆ ಎಸೆಯುತ್ತಾರೆ. ಕಾಶಿಯ ಬಟ್ಟೆ ಹಳತಾದರೂ ಅದರಲ್ಲಿ ರತ್ನ ಸುತ್ತಿಡುತ್ತಾರೆ. ಅಲ್ಲಿ ಬಟ್ಟೆ ಭಿಕ್ಷುವಿನ ನಡತೆಗೆ ಹೋಲಿಕೆ. ನಾನು ಗಮನಿಸಿದ್ದು ಆ ಮೂರರ ಕ್ರಮ. ಬಣ್ಣ ಕಣ್ಣಿಗೆ, ಸ್ಪರ್ಶ ಕೈಗೆ, ಇವೆರಡೂ ವಸ್ತುವಿನಲ್ಲೇ ಇವೆ. ಮೂರನೆಯದು ವಸ್ತುವಿನಲ್ಲಿ ಇಲ್ಲ. ಅದು ಇಬ್ಬರ ನಡುವೆ ಇದೆ. ಮೋಸ ನುಗ್ಗುವುದೂ ಅಲ್ಲೇ.

ವ್ಯಾಪಾರಿ ಮೊಬೈಲಿನಲ್ಲಿ ಅಮೆರಿಕದ ನವಾಹೊ ಕಂಬಳಿಗಳ ಚಿತ್ರ ತೋರಿಸಿದ್ದನಂತೆ. "ಇಂಥವು ಅಲ್ಲಿ ಕೋಟಿಗಟ್ಟಲೆ ಹೋಗ್ತಾವಂತ್ರಿ. ಆದ್ರ ನಿಮ್ಮದು ಅಂಥಾದಲ್ಲ ಅಂದ" ಎಂದಳು ಮೊಮ್ಮಗಳು. ಅವನು ಹೇಳಿದ್ದು ಸುಳ್ಳಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಹರಾಜಿನಲ್ಲಿ 1840ರ ದಶಕದ ನವಾಹೊ ಕಂಬಳಿಯೊಂದು 18 ಲಕ್ಷ ಡಾಲರಿಗೆ ಹೋಯಿತು, ಆಗಿನ ಲೆಕ್ಕದಲ್ಲಿ ಸುಮಾರು ಹತ್ತು ಕೋಟಿ ರೂಪಾಯಿ. ಅವರದೂ ಕುರಿ ಸಾಕುವ ಜನಾಂಗ, ನೇಯುವವರು ಹೆಚ್ಚಾಗಿ ಹೆಂಗಸರು. ಅಲ್ಲಿಯ ಪರೀಕ್ಷೆಯೂ ಬಹುಮಟ್ಟಿಗೆ ನಮ್ಮದೇ: ಕೈನೂಲೋ ಗಿರಣಿ ನೂಲೋ, ಹುಟ್ಟು ಬಣ್ಣವೋ ಹಾಕಿದ್ದೋ. ಒಂದು ಗುರುತು ಮಾತ್ರ ತಿರುಗುಮುರುಗು. ನವಾಹೊ ಮಗ್ಗದಲ್ಲಿ ಹಾಸಿನ ಎಳೆ ಕತ್ತರಿಸದೆ ಮೇಲೆ ಕೆಳಗೆ ಸುತ್ತಿಕೊಂಡೇ ಹೋಗುತ್ತದೆ, ಆದ್ದರಿಂದ ತುದಿಯಲ್ಲಿ ಕುಚ್ಚು ಇರುವುದಿಲ್ಲ. ಹಾಸಿನ ಎಳೆಯೇ ಕುಚ್ಚಾಗಿ ಇಳಿದಿದ್ದರೆ ಅದು ಬೇರೆ ಕಡೆಯ ನಕಲು ಇರಬಹುದೆಂದು ಸಂಶಯಪಡುತ್ತಾರೆ. ನಮ್ಮ ಕಂಬಳಿಗೆ ಹಾಸು ಕತ್ತರಿಸಿಯೇ ಇಳಿಸುವುದು, ಕುಚ್ಚು ಸಹಜ. ಒಂದು ಊರಿನ ಕಣ್ಣಿನಿಂದ ಇನ್ನೊಂದು ಊರಿನ ಕಂಬಳಿ ನೋಡಿದರೆ ಅಸಲಿಯೂ ನಕಲಿಯಾಗಿ ಕಾಣುತ್ತದೆ.

ಆ ಹತ್ತು ಕೋಟಿಯ ಹಿಂದಿನ ಕಥೆ ಹೇಳದೆ ಮುಂದೆ ಹೋಗಲಾರೆ. 1864ರಲ್ಲಿ ಅಮೆರಿಕದ ಸೇನೆ ನವಾಹೊ ಜನರ ಹೊಲ, ಹಣ್ಣಿನ ತೋಟ, ಕುರಿಗಳನ್ನು ನಾಶಮಾಡಿ ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಬೋಸ್ಕೆ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ನಂತರ ಊರಿಗೆ ಬಿಟ್ಟರು. ಆ ಒಪ್ಪಂದದಲ್ಲಿ 15,000 ಕುರಿ ಮೇಕೆ ಕೊಡಿಸುವ ಕರಾರು ಇತ್ತು. ಆಮೇಲೆ ವ್ಯಾಪಾರದ ಕಟ್ಟೆಗಳು ಬಂದವು, ಹೆಂಗಸರು ನೇಯ್ದು ತಂದ ಕಂಬಳಿಗಳನ್ನು ಅಲ್ಲಿ ಎಷ್ಟೋ ಕಾಲ ತೂಕದ ಲೆಕ್ಕದಲ್ಲಿ ಕೊಂಡರು. ಬೆಲ್ಲದ ಹಾಗೆ, ಶೇಂಗಾದ ಹಾಗೆ. ಅಂಥ ಕಂಬಳಿಗಳೇ ಇವತ್ತು ಗಾಜಿನ ಪೆಟ್ಟಿಗೆಯಲ್ಲಿವೆ. ಹತ್ತು ಕೋಟಿಯ ಆ ಕಂಬಳಿಯನ್ನು ನೇಯ್ದ ಹೆಣ್ಣುಮಗಳ ಹೆಸರು ಉಳಿದಿಲ್ಲ.

ನಮ್ಮ ಕಡೆ ಸೇನೆ ಬರಲಿಲ್ಲ. ಆದರೂ ಮಗ್ಗ ನಿಂತವು. ಉಣ್ಣೆಗಿಂತ ಮಾಂಸಕ್ಕೆ ಬೆಲೆ ಬಂದಾಗ ಮಂದೆಯಲ್ಲಿ ಉಣ್ಣೆ ಕಡಿಮೆಯ ಕೆಂಗುರಿಯಂಥ ಕುರಿಗಳು ಹೆಚ್ಚಿದವು. ಗಿರಣಿಯ ಚಾದರ ಅಗ್ಗವಾಯಿತು. ಉಣ್ಣೆ ಮಾರಿ ಬರುವ ಹಣಕ್ಕಿಂತ ಕತ್ತರಿಸುವ ಕೂಲಿ ಹೆಚ್ಚಾಗಿ, ಕತ್ತರಿಸಿದ್ದನ್ನು ಹೊಲದಲ್ಲೇ ಬಿಟ್ಟು ಹೋಗುವುದನ್ನು ಕುಷ್ಟಗಿ ಸೀಮೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಹೊಸ ಉಣ್ಣೆಗೆ ಬೆಲೆಯಿಲ್ಲ, ಹಳೆ ಕಂಬಳಿಗೆ ಬೆಲೆ ಬಂತು. ನೇಯುವವರು ಇದ್ದಾಗ ಬಾರದ ಬೆಲೆ ನೇಯುವವರು ಇಲ್ಲವಾದ್ದರಿಂದ ಬಂತು.

ಈಗ ಗಂಗಾವತಿಯ ಗೆಳೆಯರ ಪ್ರಶ್ನೆಗೆ ಬರೋಣ. ಆರೇಳು ಸಾವಿರದ ಕಂಬಳಿಯನ್ನು ಎಂಟುನೂರಕ್ಕೆ ಕೊಂಡವನು ಕಳ್ಳನೇ?

ಅವನ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಬಳಗದಲ್ಲಿ ವ್ಯಾಪಾರಿ ಎಂದ ಕೂಡಲೇ ಮೂಗು ಮುರಿಯುವ ಅಭ್ಯಾಸವಿದೆ. ಅವನು ಊರೂರು ತಿರುಗುತ್ತಾನೆ, ಹತ್ತು ಮನೆಯಲ್ಲಿ ಒಂದು ಕಂಬಳಿ ಸಿಗುತ್ತದೆ. ಅವನ ತಿಳಿವಳಿಕೆಯೂ ದುಡಿಮೆಯೇ. ಭಗವಾನರು ಅಂಗಡಿಕಾರನ ಗುಣ ಹೇಳುವ ಒಂದು ಸುತ್ತದಲ್ಲಿ ಮೊದಲ ಗುಣವೇ ಕಣ್ಣುಳ್ಳವನಾಗಿರುವುದು: ಈ ಸರಕು ಇಷ್ಟಕ್ಕೆ ಕೊಂಡರೆ ಇಷ್ಟಕ್ಕೆ ಹೋಗುತ್ತದೆ, ಇಷ್ಟು ಲಾಭ ಎಂದು ತಿಳಿದಿರುವುದು. ಬೆಲೆ ತಿಳಿದಿರುವುದು ದೋಷವಲ್ಲ. ಲಾಭವೂ ದೋಷವಲ್ಲ. ಪಿಟಕದಲ್ಲಿ ಬಿಡಬೇಕೆಂದಿರುವುದು ತಕ್ಕಡಿಯ ಮೋಸ, ಅಳತೆಯ ಮೋಸ. ವ್ಯಾಪಾರಿ ತಕ್ಕಡಿ ಒತ್ತಲಿಲ್ಲ. ಒಂದು ಬೆಲೆ ಹೇಳಿದ, ಆಕೆ ಒಪ್ಪಿದಳು. ನಮ್ಮ ಜಾನುವಾರು ಸಂತೆಯಲ್ಲಿ ವಸ್ತ್ರದ ಕೆಳಗೆ ಬೆರಳು ಹಿಡಿದು ವ್ಯವಹಾರ ಮಾಡುವವರೂ ಎಲ್ಲವನ್ನೂ ಬಿಚ್ಚಿ ಹೇಳುವುದಿಲ್ಲ, ಆದರೂ ಅವರನ್ನು ಕಳ್ಳರೆನ್ನುವುದಿಲ್ಲ.

ಇಷ್ಟು ಒಪ್ಪಿಕೊಂಡ ಮೇಲೂ ಏನೋ ಉಳಿಯುತ್ತದೆ. ಸಂತೆಯಲ್ಲಿ ವಸ್ತ್ರದ ಕೆಳಗಿನ ಎರಡೂ ಕೈಗಳಿಗೆ ಎತ್ತಿನ ಹಲ್ಲು ನೋಡಲು ಬರುತ್ತದೆ. ಇಲ್ಲಿ ಒಂದು ಕೈಗೆ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ.

ನಮ್ಮಲ್ಲಿ ಹಲವರಿಗೆ ಸೇರಿವಾಣಿಜ ಜಾತಕ ಗೊತ್ತು. ಸೇರಿ ರಾಜ್ಯದ ಇಬ್ಬರು ತಿರುಗು ವ್ಯಾಪಾರಿಗಳು ತೇಲವಾಹ ನದಿ ದಾಟಿ ಅಂಧಪುರಕ್ಕೆ ಬರುತ್ತಾರೆ. ಕೆಟ್ಟುಹೋದ ಸಾಹುಕಾರರ ಮನೆ, ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು. ಹಳೆ ಪಾತ್ರೆಗಳ ನಡುವೆ ಮಸಿ ಹಿಡಿದ ಬಟ್ಟಲು. ಮೊದಲ ವ್ಯಾಪಾರಿ ಸೂಜಿಯಿಂದ ಗೀರಿ ಚಿನ್ನವೆಂದು ತಿಳಿದೂ, ಅರ್ಧ ಮಾಸಕವೂ ಬಾಳದೆಂದು ಎಸೆದು ಹೋಗುತ್ತಾನೆ, ಆಮೇಲೆ ಬಂದು ಬಿಟ್ಟಿಯಾಗಿ ಒಯ್ಯುವ ಆಸೆಯಿಂದ. ಎರಡನೆಯವನು ಬೋಧಿಸತ್ವ. ನೋಡಿ, ಇದು ಲಕ್ಷ ಬೆಲೆಯದು, ನನ್ನ ಬಳಿ ಅಷ್ಟು ಸರಕಿಲ್ಲ ಎನ್ನುತ್ತಾನೆ. ಅಜ್ಜಿ, ಇದ್ದದ್ದು ಕೊಟ್ಟು ಒಯ್ಯಿ ಎನ್ನುತ್ತಾಳೆ. ಅವನು ಐನೂರು ಕಹಾಪಣ, ಐನೂರರ ಸರಕು ಕೊಟ್ಟು, ತಕ್ಕಡಿ, ಚೀಲ ಮತ್ತು ದೋಣಿಗೆ ಬೇಕಾದ ಎಂಟು ಕಹಾಪಣ ಮಾತ್ರ ಇಟ್ಟುಕೊಂಡು ಹೋಗುತ್ತಾನೆ.

ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದವರೂ ಒಂದು ಲೆಕ್ಕ ಮಾಡಿರುವುದಿಲ್ಲ. ಬೋಧಿಸತ್ವ ಕೊಟ್ಟದ್ದು ಸಾವಿರ, ಬಟ್ಟಲಿನ ಬೆಲೆ ಲಕ್ಷ. ನೂರರಲ್ಲಿ ಒಂದು ಪಾಲು! ನಮ್ಮ ವ್ಯಾಪಾರಿ ಹೇಳಿದ ಎಂಟುನೂರು ಕಂಬಳಿಯ ಬೆಲೆಯ ಹತ್ತರಲ್ಲಿ ಒಂದು ಪಾಲಾದರೂ ಇತ್ತು. ಮೊತ್ತ ಮಾತ್ರ ನೋಡಿದರೆ ನಮ್ಮವನೇ ಧಾರಾಳಿ. ಹಾಗಿದ್ದೂ ಒಬ್ಬ ಬೋಧಿಸತ್ವ, ಇನ್ನೊಬ್ಬನ ಬಗ್ಗೆ ನಮಗೆ ಮುಜುಗರ. ವ್ಯತ್ಯಾಸ ಇರುವುದು ಹಣದಲ್ಲಿ ಅಲ್ಲ. ಬೋಧಿಸತ್ವ ಮೊದಲು ಹೇಳಿದ, ಆಮೇಲೆ ತೆಗೆದುಕೊಂಡ. ಲಕ್ಷವೆಂದು ತಿಳಿದ ಮೇಲೆ ಅಜ್ಜಿ ಸಾವಿರಕ್ಕೆ ಕೊಟ್ಟದ್ದು ನಿಜವಾಗಿ ಕೊಟ್ಟದ್ದು. ಹೇಳದೆ ಒಯ್ದಿದ್ದರೆ, ಐವತ್ತು ಸಾವಿರ ಕೊಟ್ಟಿದ್ದರೂ, ಅವಳು ಕೊಟ್ಟದ್ದು ಮಸಿ ಬಟ್ಟಲು, ಅವನು ತೆಗೆದುಕೊಂಡದ್ದು ಚಿನ್ನ. ಆ ಚಿನ್ನವನ್ನು ಅವಳು ಕೊಟ್ಟೇ ಇಲ್ಲ.

ಹೀಗಾಗಿ ನನ್ನ ಉತ್ತರ ಇದು: ತಿಳಿಯದೆ ಕೊಟ್ಟದ್ದು ಅರ್ಧ ಕೊಟ್ಟದ್ದು. ಉಳಿದ ಅರ್ಧವನ್ನು ತಿಳಿದವನ ನಾಲಿಗೆ ತುಂಬಬೇಕು. ಇಲ್ಲದಿದ್ದರೆ ಆ ಅರ್ಧ ಎರಡನೇ ಶೀಲದ ಲೆಕ್ಕಕ್ಕೆ ಬರುತ್ತದೆ. ಕಾನೂನು ಇದನ್ನು ಕಳ್ಳತನ ಎನ್ನುವುದಿಲ್ಲ, ಎನ್ನಬೇಕೆಂದೂ ನಾನು ಹೇಳುತ್ತಿಲ್ಲ. ಶೀಲ ನಾವು ನಮಗೇ ಹಾಕಿಕೊಂಡದ್ದು.

ಇಲ್ಲಿಗೆ ನಿಲ್ಲಿಸಿದರೆ ಸುಲಭವಾಗುತ್ತಿತ್ತು. ಆದರೆ ಬರೀ ಬೆಲೆ ಹೇಳಿದರೆ ಸಾಕೇ? ಜಾತಕದ ಅಜ್ಜಿಗೆ ಅವಸರವಿರಲಿಲ್ಲ. ಬಟ್ಟಲು ಹಾಗೇ ಇಟ್ಟುಕೊಂಡು ಇನ್ನೊಬ್ಬನಿಗೆ ಕಾಯಬಹುದಿತ್ತು. ಯಲಬುರ್ಗಾದ ಅಜ್ಜಿಗೆ ಹತ್ತು ದಿನದಲ್ಲಿ ಫೀ ಕಟ್ಟಬೇಕಿತ್ತು. ಕಂಬಳಿ ಆರು ಸಾವಿರ ಬಾಳುತ್ತದೆಂದು ತಿಳಿದರೂ, ನಾಳೆ ಬರುವ ವ್ಯಾಪಾರಿ ಒಬ್ಬನೇ ಆದರೆ, ಎರಡು ಸಾವಿರಕ್ಕೂ ಕೊಡಬೇಕಾಗುತ್ತದೆ. ಆಗ ಅವಳು ತಿಳಿದೇ ಕೊಡುತ್ತಾಳೆ, ಆದರೆ ಮನಸ್ಸಿನಿಂದಲ್ಲ. ಬೇಡ ಎನ್ನುವ ಶಕ್ತಿ ಇಲ್ಲದವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ನನಗೆ ಕಷ್ಟ. ಜಾತಕ ಈ ಕಡೆ ಏನೂ ಹೇಳುವುದಿಲ್ಲ. ನಾವೇ ಯೋಚಿಸಬೇಕು.

ಇನ್ನೊಂದು ಬಗೆಯ ಸುಳ್ಳೂ ಇದೆ, ಅದು ನಮ್ಮಂಥವರ ಸುಳ್ಳು. ಹಳೆ ಕಂಬಳಿ ನೋಡಿ ಕಣ್ಣು ತುಂಬಿಕೊಂಡು "ಇದಕ್ಕೆ ಬೆಲೆ ಕಟ್ಟಲಾಗದು" ಎನ್ನುವುದು. ಭಾಷಣದಲ್ಲಿ ಇದು ಚಂದ. ಫೀ ಕಟ್ಟಬೇಕಾದ ಮನೆಯಲ್ಲಿ ಇದನ್ನು ಹೇಳಿ ಎದ್ದು ಬಂದರೆ ಆಕೆಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೆಲೆ ಕಟ್ಟಲಾಗದು ಎನ್ನುವವರು ಸಾಮಾನ್ಯವಾಗಿ ಬೆಲೆ ಕೊಡಬೇಕಾಗಿಲ್ಲದವರು. ಮಾತು ಸತ್ಯವಾಗಿರಬೇಕು, ಹೊತ್ತಿಗೆ ತಕ್ಕದ್ದಾಗಿರಬೇಕು, ಉಪಯೋಗಕ್ಕೆ ಬರಬೇಕು ಎಂದು ಸಮ್ಮಾವಾಚಾದಲ್ಲಿ ಓದುತ್ತೇವೆ. ಅಂಕಿಯಲ್ಲಿ ಹೇಳಬೇಕಾದ ಹೊತ್ತಿನಲ್ಲಿ ಹೊಗಳಿಕೆಯಲ್ಲಿ ಹೇಳಿದರೆ ಮೂರರಲ್ಲಿ ಎರಡು ತಪ್ಪುತ್ತವೆ.

ನಾನು ಅಂಕಿಯಲ್ಲೇ ಹೇಳಿದೆ. "ಯಕ್ಕಾ, ಎಂಟುನೂರಕ್ಕ ಕೊಡಬ್ಯಾಡ. ಆರರಿಂದ ಎಂಟು ಸಾವಿರದ ಮಟ ಹೊಕ್ಕೈತಿ. ಅದರ ಮ್ಯಾಲ ಹೋಗ್ತೈತಿ ಅಂತ ನಾ ಹೇಳಿದ್ರ ಸುಳ್ಳಾಕ್ಕೈತಿ." ಮೊಮ್ಮಗಳ ಮುಖ ಸಣ್ಣದಾಯಿತು. ಮೊಬೈಲಿನಲ್ಲಿ ಕೋಟಿ ನೋಡಿದ ಕಣ್ಣು ಅದು. ಲಕ್ಷವಾದರೂ ಬರಬಹುದೆಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದಳಂತೆ. ಏರಿಸಿ ಹೇಳಿದ್ದರೆ ಆ ಸಂಜೆ ಆ ಮನೆಯಲ್ಲಿ ನನಗೆ ಹೋಳಿಗೆ ಸಿಗುತ್ತಿತ್ತೇನೋ! ಆದರೆ ಆ ಲಕ್ಷವನ್ನು ನಂಬಿ ಅವರು ಬಂದ ಗಿರಾಕಿಯನ್ನೆಲ್ಲ ಹಿಂದಕ್ಕೆ ಕಳಿಸುತ್ತಿದ್ದರು.

ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ತೇಪೆಯ ಮೇಲೆ ಕೈಯಾಡಿಸುತ್ತ ಕೇಳಿದಳು: "ಅದರಾಗ ನೂತಾಕೀದು ಎಷ್ಟು ತಮ್ಮಾ, ನೇದಾಂವಂದು ಎಷ್ಟು?" ನೂತವಳು ಆಕೆಯ ಅತ್ತೆ. ನೇಯ್ದವನು ಪಕ್ಕದ ಊರಿನವನು, ಯಾವಾಗಲೋ ತೀರಿಕೊಂಡವನು. ಇಷ್ಟು ವರ್ಷ ನಂಬರು ಹಾಕಿದ ನನಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ, ನೂತು, ಹಾಸು ಹೂಡಿ, ನೇಯುವುದರಲ್ಲಿ ನೂಲುವುದೇ ಹೆಚ್ಚು ದಿನ ತಿನ್ನುವ ಕೆಲಸ. ಲೆಕ್ಕದ ಪುಸ್ತಕದಲ್ಲಿ ಮಾತ್ರ ನೇಯ್ದವನ ಹೆಸರು ಬರುತ್ತಿತ್ತು, ನೂತವಳದು ಬರುತ್ತಿರಲಿಲ್ಲ. "ಹೆಚ್ಚಿಂದು ನೂತಾಕೀದ ಯಕ್ಕಾ" ಎಂದೆ. ಆಕೆ ತಲೆಯಾಡಿಸಿದಳು, ತನಗೆ ಮೊದಲೇ ಗೊತ್ತಿದ್ದದ್ದನ್ನು ಕೇಳಿದಂತೆ.

ಆಮೇಲೆ ನಡೆದದ್ದು ಹೆಚ್ಚೇನಿಲ್ಲ. ಊರಿನ ಹೆಂಗಸರ ಸಂಘದಿಂದ ಐದು ಸಾವಿರ ಸಾಲ ತೆಗೆದು ಫೀ ಕಟ್ಟಿದರು. ಹಾಗಾಗಿ ವ್ಯಾಪಾರಿ ಬಂದಾಗ ಆಕೆಗೆ ಅವಸರವಿರಲಿಲ್ಲ. ಏಳು ಸಾವಿರ ಎಂದಳು. ಅವನು ಮೂರು ಎಂದ, ತೇಪೆ ತೋರಿಸಿದ, ಎದ್ದು ಹೋದ. ನಾಲ್ಕು ದಿನಕ್ಕೆ ಮತ್ತೆ ಬಂದು ಆರೂವರೆ ಕೊಟ್ಟು, ಮುಂಗಡದ ನೂರು ಮುರಿದುಕೊಂಡು ಒಯ್ದ. ಒಯ್ಯುವ ಮೊದಲು ಆಕೆ ಮೊಮ್ಮಗಳಿಂದ ಚೀಟಿ ಬರೆಸಿದ್ದಳು: ನೂತವಳ ಹೆಸರು, ನೇಯ್ದವನ ಹೆಸರು, ಊರು. ಆ ಚೀಟಿಯಿಂದ ತನ್ನ ಗಿರಾಕಿಯ ಬಳಿ ಇನ್ನೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಅವನಿಗೆ ಆ ಕ್ಷಣವೇ ಹೊಳೆದಿರಬೇಕು, ಬಹಳ ಜೋಪಾನವಾಗಿ ಜೇಬಿಗಿಟ್ಟುಕೊಂಡ ಎಂದು ಮೊಮ್ಮಗಳು ನಗುತ್ತ ಹೇಳಿದಳು. ಸಿಗಲಿ ಬಿಡಿ.

ಈಗ ಅದೇ ವ್ಯಾಪಾರಿ ನನಗೆ ಫೋನು ಮಾಡುತ್ತಾನೆ. ತಾನು ನೋಡಿ ಬಂದ ಕಂಬಳಿಗಳನ್ನು ನಾನು ಪರೀಕ್ಷಿಸಿ ಹೇಳಬೇಕಂತೆ, ಒಂದೊಂದಕ್ಕೆ ಇಷ್ಟು ಎಂದು ಕೊಡುತ್ತಾನಂತೆ. ಮನುಷ್ಯ ಕೆಟ್ಟವನಲ್ಲ. ನಾನು ಹೇಳಿರುವುದು ಇಷ್ಟೇ: ಕಂಬಳಿಯ ಮನೆಯವರು ಕರೆದರೆ ಬರುತ್ತೇನೆ, ಅವರ ಎದುರಿಗೆ ಹೇಳುತ್ತೇನೆ, ನೀನೂ ಕೂತು ಕೇಳು. ತೂಗುವವನೂ ಕೊಳ್ಳುವವನೂ ಒಬ್ಬನೇ ಆದರೆ ತಕ್ಕಡಿಯ ಮುಳ್ಳು ಎಷ್ಟು ನೆಟ್ಟಗಿದ್ದರೂ ನೋಡುವ ಕಣ್ಣು ವಾಲುತ್ತದೆ. ನಮ್ಮ ಕೃಷಿ ಮಾರುಕಟ್ಟೆಗಳಲ್ಲಿ ತೂಕ ಮಾಡುವವರಿಗೆ ಬೇರೆ ಲೈಸೆನ್ಸು ಇಟ್ಟದ್ದು ಸುಮ್ಮನೆ ಅಲ್ಲ. ಯಲಬುರ್ಗಾದ ಹೆಣ್ಣುಮಗಳು ಯಾವ ಸುತ್ತವನ್ನೂ ಓದದೆ ಬಾಗಿಲಲ್ಲೇ ಕೇಳಿದ ಪ್ರಶ್ನೆಯೂ ಇದೇ ಆಗಿತ್ತು.

ಅವನು ಇನ್ನೂ ಒಪ್ಪಿಲ್ಲ, ಬಿಟ್ಟೂ ಇಲ್ಲ. ಈ ನಡುವೆ ಕುಷ್ಟಗಿ ಕಡೆಯಿಂದ ನಮ್ಮ ಬಳಗದ ಒಬ್ಬರು ತಮ್ಮ ಮನೆಯ ಬಿಳಿ ಕಂಬಳಿಯ ಫೋಟೋ ಕಳಿಸಿ ಬೆಲೆ ಕೇಳಿದ್ದಾರೆ. ಫೋಟೋದಲ್ಲಿ ಕೈಗೂ ಮೂಗಿಗೂ ಕೆಲಸವಿಲ್ಲ, ಬೆಲೆ ಹೇಳಲಾಗದು. ಗುರುವಾರ ನಾನೇ ಬರುತ್ತೇನೆ. ಕಂಬಳಿಯನ್ನು ಒಗೆಯಬೇಡಿ, ಬಿಸಿಲಿಗೆ ಹಾಕಬೇಡಿ, ಇದ್ದ ಹಾಗೇ ಇಟ್ಟಿರಿ.